ಪುಟ್ಟ ವಿಮಾನವನ್ನು ಕೈಯಿಂದ ತಳ್ಳುವುದು ಹೇಗೆ?

ರೆಕ್ಕೆಯ ತುದಿ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಗಿಲಿಗೆ ತಾಗಿ ನಜ್ಜುಗುಜ್ಜಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಳ್ಳುತ್ತಿದ್ದವರು ನಾಲ್ಕು ಜನ. ನಾಲ್ವರೂ ತಲೆ ತಗ್ಗಿಸಿ ತಳ್ಳುತ್ತಿದ್ದರು. ರೆಕ್ಕೆ ಎಲ್ಲಿದೆ ಎಂದು ನೋಡುವವರೇ ಇರಲಿಲ್ಲ. ಅಷ್ಟು ಜೋಪಾನವಾಗಿ ಹಾರಿಸಿ ತಂದ ವಿಮಾನ ನಡಿಗೆಯ ವೇಗದಲ್ಲಿ ಹಾಳಾಯಿತು. ಇಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ಕಣ್ಣ ಮುಂದಿಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಬೇರೆ ವಿಮಾನವಾದರೆ ಮೊದಲು ಅದರ ಕೈಪಿಡಿ ಓದಿ.

ಹೆಜ್ಜೆ 1: ಕೀ ತೆಗೆಯಿರಿ
ಇಂಜಿನ್‌ಗೆ ಇಂಧನ ನಿಲ್ಲಿಸುವ ಮಿಕ್ಸ್ಚರ್ ಗುಬುಟನ್ನು ಪೂರ್ತಿ ಹೊರಗೆ ಎಳೆದಿರಬೇಕು. ಇಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಆಫ್ ಮಾಡಿ, ಕೀ ತೆಗೆದು ಹೊರಗಿನಿಂದ ಕಾಣುವ ಜಾಗದಲ್ಲಿ ಇಡಿ. ಇಷ್ಟಾದರೂ ಪ್ರೊಪೆಲ್ಲರ್ ಮುಟ್ಟಬೇಡಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ, ಅದು ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಮಾಡಿದಾಗ ಒಂದು ತಂತಿ ಆ ಕರೆಂಟನ್ನು ವಿಮಾನದ ಮೈಗೆ ಹರಿಸಿಬಿಡುತ್ತದೆ, ಅಷ್ಟೇ. ಆ ತಂತಿ ತುಂಡಾಗಿದ್ದರೆ ಕೀ ನಿಮ್ಮ ಜೇಬಿನಲ್ಲಿದ್ದರೂ ಪ್ರೊಪೆಲ್ಲರ್ ತಿರುಗಿಸಿದಾಗ ಇಂಜಿನ್ ಹೊತ್ತಿಕೊಳ್ಳಬಹುದು. ಪ್ರೊಪೆಲ್ಲರ್ ಹಿಡಿದು ಎಳೆಯುವುದು ಹಳೆಯ ಅಭ್ಯಾಸ, ಗೊತ್ತು. ದಯವಿಟ್ಟು ಬಿಡಿ.

ಹೆಜ್ಜೆ 2: ಬಿಚ್ಚಿ
ಹಗ್ಗ, ಚಕ್ರದ ಅಡ್ಡಕಟ್ಟೆ, ಪಾರ್ಕಿಂಗ್ ಬ್ರೇಕ್, ರಡ್ಡರ್ (ಬಾಲದ ನೇರ ರೆಕ್ಕೆಯ ಆಡುವ ಭಾಗ) ಲಾಕ್ ಎಲ್ಲ ತೆಗೆಯಿರಿ. ಮುಂದಿನ ಚಕ್ರಕ್ಕೂ ರಡ್ಡರ್‌ಗೂ ಒಳಗೆ ಜೋಡಣೆ ಇದೆ, ಆದ್ದರಿಂದ ಲಾಕ್ ಮರೆಯಬಾರದು.

ಹೆಜ್ಜೆ 3: ಕೈ ಎಲ್ಲಿ ಇಡಬೇಕು
ವಿಮಾನದ ತಗಡು ಎಷ್ಟೋ ಕಡೆ ಒಂದು ಮಿಲಿಮೀಟರ್‌ಗಿಂತ ತೆಳು. ಗಟ್ಟಿ ಇರುವುದು ಒಳಗಿನ ಚೌಕಟ್ಟು ಮಾತ್ರ. ರೆಕ್ಕೆಗೆ ಆಧಾರವಾದ ಸ್ಟ್ರಟ್ ಮತ್ತು ಚಕ್ರದ ಕಾಲು, ಇವೆರಡೇ ತಳ್ಳುವ ಜಾಗ. ಮೂತಿಯ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಟೊಪ್ಪಿ), ರೆಕ್ಕೆಯ ಹಿಂಬದಿಯಲ್ಲಿ ಆಡುವ ಐಲರಾನ್, ಫ್ಲಾಪ್, ಬಾಲದಲ್ಲಿ ಆಡುವ ಎಲಿವೇಟರ್ ಇವನ್ನು ಮುಟ್ಟಲೇಬೇಡಿ. ಮೂತಿ ಎತ್ತಿ ತಿರುಗಿಸಲು ಬಾಲದ ಅಡ್ಡ ರೆಕ್ಕೆಯನ್ನು ಅದುಮುವವರಿದ್ದಾರೆ. ಅದು ತಪ್ಪು. ಅದುಮಲೇಬೇಕಾದರೆ ಆ ಅಡ್ಡ ರೆಕ್ಕೆಯ ಸ್ವಲ್ಪ ಮುಂದೆ, ಒಳಗೆ ಚೌಕಟ್ಟು ಇರುವ ಕಡೆ ಮೈಯ ಮೇಲೆ ಅದುಮಿ.

ಹೆಜ್ಜೆ 4: ಹಿಂದಕ್ಕೆ ತಳ್ಳುವುದು
ಎಲ್ಲರೂ ಎಡವುವುದು ಇಲ್ಲೇ. ಮುಂದಕ್ಕೆ ಎಳೆಯುವಾಗ ಟೋ ಬಾರ್ (ಮುಂದಿನ ಚಕ್ರಕ್ಕೆ ಸಿಕ್ಕಿಸಿ ಅದನ್ನು ತಿರುಗಿಸುವ ಸರಳು) ಹೋದ ಕಡೆ ಮೂತಿ ಬರುತ್ತದೆ, ಗೊಂದಲವಿಲ್ಲ. ಹಿಂದಕ್ಕೆ ತಳ್ಳುವಾಗ ಟೋ ಬಾರ್‌ನ ಹಿಡಿ ಯಾವ ಕಡೆ ಹೋಗುತ್ತದೋ ಬಾಲ ಆ ಕಡೆ ಹೋಗುತ್ತದೆ, ಮೂತಿ ಎದುರು ಕಡೆ ಸರಿಯುತ್ತದೆ. ಕಾರನ್ನು ರಿವರ್ಸ್ ತೆಗೆದಂತೆಯೇ. ಹಿಡಿಯನ್ನು ಒಂದು ಗೇಣು ಸರಿಸಿ, ಬಾಲ ಏನು ಮಾಡುತ್ತದೆ ನೋಡಿ, ಆಮೇಲೆ ಮತ್ತೆ ಸರಿಸಿ. ಗಾಬರಿಯಲ್ಲಿ ಪೂರ್ತಿ ತಿರುಗಿಸಬೇಡಿ. ಮುಂದಿನ ಚಕ್ರ ನಡುವಿನಿಂದ ಆಚೀಚೆ 30 ಡಿಗ್ರಿ ಮಾತ್ರ ತಿರುಗಬಹುದು. ಅದಕ್ಕಿಂತ ಜಾಸ್ತಿಯಾದರೆ ಒಳಗಿನ ತಡೆ ಮುರಿಯುತ್ತದೆ. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಮುರಿದದ್ದು ಗೊತ್ತೂ ಆಗುವುದಿಲ್ಲ. ಅದಕ್ಕೇ ಸಣ್ಣ ವಿಮಾನಕ್ಕೆ ಕೈಯೇ ಒಳ್ಳೆಯದು ಅನ್ನುತ್ತೇನೆ.

ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 11 ಮೀಟರ್. ಮೂತಿಯ ಬಳಿ ನಿಂತವರಿಗೆ ತುದಿ ಎಲ್ಲಿದೆ ಎಂದು ಸರಿಯಾಗಿ ಅಂದಾಜು ಸಿಗುವುದಿಲ್ಲ. ಹಾಗಾಗಿ ಪ್ರತಿ ರೆಕ್ಕೆಯ ತುದಿಯಲ್ಲಿ ಒಬ್ಬರು, ಬಾಲದ ಬಳಿ ಒಬ್ಬರು ನಿಲ್ಲಲಿ. ಇವರು ತಳ್ಳಬಾರದು, ಸುಮ್ನೆ ನೋಡಬೇಕು. ‘ನಿಲ್ಲಿ’ ಎಂದು ಯಾರು ಕೂಗಿದರೂ ಎಲ್ಲರೂ ನಿಲ್ಲಬೇಕು. ‘ಹೊರಡಿ’ ಎನ್ನುವವರು ಮಾತ್ರ ಒಬ್ಬರೇ, ಟೋ ಬಾರ್ ಹಿಡಿದವರು. ನೋಡುವವರು ಸಿಗದಿದ್ದರೆ ಕಾಯಿರಿ. ಹ್ಯಾಂಗರ್ ನೆಲದ ಮೇಲೆ ಮುಂದಿನ ಚಕ್ರಕ್ಕೊಂದು ಬಿಳಿ ಗೆರೆ ಎಳೆದುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಹೆಜ್ಜೆ 5: ಟೋ ಬಾರ್ ಕಳಚಿ
ನನ್ನ ನಿಯಮ ಒಂದೇ. ಕೈ ಬಿಟ್ಟರೆ ಟೋ ಬಾರ್ ಚಕ್ರದಲ್ಲಿ ಇರಕೂಡದು. ಫೋನ್ ಬಂತು, ಯಾರೋ ಕರೆದರು, ಮೊದಲು ಕಳಚಿ. ಅದು ಇರುವಾಗಲೇ ಇಂಜಿನ್ ಶುರು ಮಾಡಿದರೆ ಪ್ರೊಪೆಲ್ಲರ್ ಅದಕ್ಕೆ ಬಡಿಯುತ್ತದೆ, ಆಮೇಲೆ ಇಂಜಿನ್ ಬಿಚ್ಚಿ ನೋಡಬೇಕಾಗುತ್ತದೆ. ಬೂದು ಬಣ್ಣದ ಟೋ ಬಾರ್ ನೆಲದಲ್ಲಿ ಕಾಣುವುದೇ ಇಲ್ಲ. ಕೆಂಪು ಬಣ್ಣ ಬಳಿಯಿರಿ. ಪಿನ್ ಸಡಿಲವಾದ ಅಗ್ಗದ ಮಾಲು ಬೇಡ. ತಳ್ಳುವಾಗ ಜಾರಿದರೆ ಬೀಳುವವರು ನೀವು.

ಹೆಜ್ಜೆ 6: ಹೊರಗೇ ನಿಲ್ಲಿಸುವುದಾದರೆ
ಮೂತಿ ಗಾಳಿಗೆ ಎದುರಾಗಿರಲಿ. ಚಕ್ರದ ಹಿಂದೆ, ಮುಂದೆ ಅಡ್ಡಕಟ್ಟೆ ಇಡಿ. ಎರಡು ರೆಕ್ಕೆ, ಒಂದು ಬಾಲ, ಮೂರೂ ಕಡೆ ಕಟ್ಟಲೆಂದೇ ಇರುವ ಬಳೆಗೆ ಹಗ್ಗ ಕಟ್ಟಿ. ಸ್ಟ್ರಟ್‌ನ ನಡುವೆ ಕಟ್ಟಿದರೆ ಹಗ್ಗ ಜಾರಿ ಸ್ಟ್ರಟ್ ಬಾಗಬಹುದು. ನಾರಿನ ಹಗ್ಗ ಮಳೆಯಲ್ಲಿ ನೆನೆದು ಕುಗ್ಗಿ ರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತದೆ. ಪಾಲಿಯೆಸ್ಟರ್ ಹಗ್ಗವೇ ಇರಲಿ. ಕೊನೆಗೆ ಚಾಲನೆಯ ಹಿಡಿ ಅಲುಗದಂತೆ ಕಂಟ್ರೋಲ್ ಲಾಕ್ ಹಾಕಿ, ಹುಳ ಗೂಡು ಕಟ್ಟದಂತೆ ಪಿಟೋ ಟ್ಯೂಬ್ (ಗಾಳಿಯ ಒತ್ತಡದಿಂದ ವೇಗ ಅಳೆಯುವ ಕೊಳವೆ) ಮುಚ್ಚಿ. ಆ ಮುಚ್ಚಳಕ್ಕೆ ಉದ್ದನೆಯ ಕೆಂಪು ಪಟ್ಟಿ ಇರಬೇಕು. ಇಲ್ಲದಿದ್ದರೆ ಮುಂದಿನ ಸಲ ಹಾರುವಾಗ ಅದನ್ನು ತೆಗೆಯುವುದು ಮರೆತು, ಓಟದ ನಡುವೆ ವೇಗದ ಮುಳ್ಳು ಏಳದಿದ್ದಾಗ ನೆನಪಾಗುತ್ತದೆ.