ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದರೆ

ಮೊದಲು ಬಂದಿರುವುದು ಯಾರು ಅಂತ ನೋಡಿ. ಪಾರಿವಾಳಕ್ಕಿಂತ ಸಣ್ಣದು, ಕಂದು ಮೈ, ಕತ್ತಿನ ಹಿಂಭಾಗದ ಕಪ್ಪು ಪಟ್ಟಿಯ ತುಂಬ ಬಿಳಿ ಚುಕ್ಕೆ ಇದ್ದರೆ ಅದು ಚುಕ್ಕೆ ಬೆಳವ. ಹೂಕುಂಡದಲ್ಲಿ ನಾಲ್ಕು ಕಡ್ಡಿ ಜೋಡಿಸಿ ಮೊಟ್ಟೆ ಇಡುವುದು ಸಾಮಾನ್ಯವಾಗಿ ಇದೇ. ಕಾವಿಗೆ ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ. ಕುಂಡ ಸರಿಸಬೇಡಿ, ನೀರನ್ನು ಅಂಚಿನಿಂದ ನಿಧಾನಕ್ಕೆ ಹಾಕಿ. ಒಂದು ತಿಂಗಳು ಸುಮ್ಮನಿದ್ದರೆ ಸಾಕು.

ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ, ಕತ್ತಿನಲ್ಲಿ ಹಸಿರು-ನೇರಳೆ ಹೊಳಪು ಇದ್ದರೆ ಪಾರಿವಾಳ. ಇದರ ಲೆಕ್ಕವೇ ಬೇರೆ. ಮೂಲದಲ್ಲಿ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿಯಾದ್ದರಿಂದ ಸಜ್ಜಾ, ಎಸಿ ಪೆಟ್ಟಿಗೆಯ ಹಿಂಬದಿ, ಖಾಲಿ ರಟ್ಟಿನ ಡಬ್ಬ ಎಲ್ಲವೂ ಅದಕ್ಕೆ ಒಪ್ಪುತ್ತವೆ. ಪ್ಲಾಸ್ಟಿಕ್ ಗೂಬೆ, ನೇತುಹಾಕಿದ ಹಳೇ ಸಿಡಿ ಕೆಲವೇ ದಿನದ ಆಟ. ಅಲುಗಾಡದ ಗೂಬೆಗೆ ಯಾರೂ ಹೆದರುವುದಿಲ್ಲ. ಹೆದರಿಸುವುದಲ್ಲ, ಜಾಗ ಮುಚ್ಚಬೇಕು.

ಯಾವಾಗ ಮುಚ್ಚಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಬರೀ ಕಡ್ಡಿ ಬಿದ್ದಿದ್ದರೆ ಅಂದೇ ತೆಗೆದುಬಿಡಿ, ಮರುದಿನ ಮತ್ತೆ ತಂದರೆ ಮತ್ತೆ ತೆಗೆಯಿರಿ. ಮೊಟ್ಟೆ ಬಿದ್ದ ಮೇಲೆ ಕಾಯಬೇಕು. ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ, 17–18 ದಿನ ಕಾವು. ಹಗಲು ಹೆಚ್ಚಾಗಿ ಗಂಡು, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು ಕೂರುತ್ತದೆ. ಮೊದಲ ದಿನಗಳಲ್ಲಿ ಎರಡೂ ತಮ್ಮ ಗಂಟಲ ಚೀಲದಲ್ಲಿ ಹುಟ್ಟುವ, ಗಿಣ್ಣಿನ ಹದದ ‘ಹಾಲ’ನ್ನು ಮರಿಗೆ ಉಣಿಸುತ್ತವೆ. ಗಂಡೂ ಹಾಲೂಡಿಸುವ ಹಕ್ಕಿ ಗುಂಪುಗಳು ಲೋಕದಲ್ಲೇ ಬೆರಳೆಣಿಕೆ. ಮರಿ ಹಾರಲು ನಾಲ್ಕೈದು ವಾರ. ಅಷ್ಟರೊಳಗೆ ಬಲೆ ಕಟ್ಟಿದರೆ ಮರಿ ಒಳಗೇ ಸತ್ತು ನಾರುತ್ತದೆ. ಮರಿ ಹಾರಿದ ದಿನವೇ ಗೂಡು ತೆಗೆಯಿರಿ. ತಡಮಾಡಿದರೆ ಅದೇ ಜೋಡಿ ಅಲ್ಲೇ ಮತ್ತೆ ಮೊಟ್ಟೆ ಇಡುತ್ತದೆ.

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಲೇಬೇಡಿ. ಆ ಧೂಳು ವರ್ಷಗಟ್ಟಲೆ ಒಳಹೋದರೆ ಶ್ವಾಸಕೋಶ ಊದಿಕೊಂಡು ಕೊನೆಗೆ ಗಟ್ಟಿಯಾಗಬಹುದು. ಎನ್95 ಮಾಸ್ಕ್, ಕೈಗವಸು ಹಾಕಿ, ಸೋಪುನೀರು ಚಿಮುಕಿಸಿ 15–20 ನಿಮಿಷ ನೆನೆಯಲು ಬಿಡಿ. ಹಳೇ ತಗಡಿನ ತುಂಡಿನಿಂದ ಕೆರೆದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ನೀರು ಹಾಕಿ ತೊಳೆದ ಮೇಲಷ್ಟೇ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಬಳಿಯಿರಿ. ಹಿಕ್ಕೆಯ ಮೇಲೆ ನೇರ ಬ್ಲೀಚ್ ಸುರಿದರೆ ಹಿಕ್ಕೆಯಲ್ಲಿರುವ ಅಮೋನಿಯದ ಜತೆ ಸೇರಿ ಉಸಿರುಗಟ್ಟಿಸುವ ಅನಿಲ ಬರುತ್ತದೆ. ಟಾಯ್ಲೆಟ್ ಆಸಿಡ್ ಹತ್ತಿರಕ್ಕೂ ಬೇಡ.

ಬಲೆಯ ಕಣ್ಣು 50 ಮಿಲಿಮೀಟರ್ ಇರಲಿ, ಬಿಸಿಲಿಗೆ ಬಾಳುವ ನೈಲಾನ್ ಕೇಳಿ. ಸುತ್ತಲೂ ಅಡಿಗೊಂದು ಕೊಕ್ಕೆ ಹೊಡೆದು, ಉಕ್ಕಿನ ತಂತಿ ಹಾಯಿಸಿ, ಅದಕ್ಕೆ ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಸಡಿಲ ಬಿಟ್ಟರೆ ಹಕ್ಕಿಯ ಕಾಲು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ. ಎಸಿ ಪೈಪಿನ ಪಕ್ಕದ ಸಂದಿ ಮರೆಯುವವರೇ ಹೆಚ್ಚು. ಸಜ್ಜಾಕ್ಕೆ ಮುಳ್ಳುಪಟ್ಟಿಗಿಂತ ಇಳಿಜಾರು ತಗಡು ಮೇಲು, ಇಳಿಜಾರು 45 ಡಿಗ್ರಿಗಿಂತ ಕಡಿಮೆ ಆಗಬಾರದು. ಮುಳ್ಳುಗಳ ನಡುವೆ ಕಡ್ಡಿ ತುರುಕಿ ಗೂಡು ಕಟ್ಟುವಷ್ಟು ಪಾರಿವಾಳ ಜಾಣ.

ಇನ್ನು ಪುಣ್ಯದ ವಿಷಯ. ಶಿಬಿ ಚಕ್ರವರ್ತಿ ಪಾರಿವಾಳ ಉಳಿಸಲು ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ. ಇಲ್ಲಿ ಆರನೇ ಮಹಡಿಯಿಂದ ಜೋಳ ಚೆಲ್ಲುವವರ ಪುಣ್ಯಕ್ಕೆ ತಕ್ಕಡಿಯಲ್ಲಿ ಬೀಳುವುದು ಐದನೇ ಮಹಡಿಯವರು ಒಣಗಿಸಿದ ಬಟ್ಟೆ. ಕಾಳು ಸಿಗುವಷ್ಟು ದಿನ ಹಿಂಡು ಕಟ್ಟಡ ಬಿಡುವುದಿಲ್ಲ, ನೀವು ಮುಚ್ಚಿದರೆ ಪಕ್ಕದ ಮನೆಯ ಸಜ್ಜಾಕ್ಕೆ ಹೋಗುತ್ತದೆ ಅಷ್ಟೇ. ಹಾಗಾಗಿ ಬಲೆಯವನಿಗೆ ಮುಂಗಡ ಕೊಡುವ ಮೊದಲು ಅಸೋಸಿಯೇಷನ್ ಸಭೆಯಲ್ಲಿ ಕಾಳಿನ ಮಾತು ಎತ್ತಿ, ಸಾಧ್ಯವಾದರೆ ಇಡೀ ಸಾಲಿನ ಮನೆಗಳಿಗೆ ಒಟ್ಟಿಗೇ ಬಲೆ ಹಾಕಿಸಿ.