ವಿಸಿಆರ್ ಕ್ಯಾಸೆಟ್ ಹೊರಗೆ ದಬ್ಬಿದರೆ ಎಲ್ಲಿ ನೋಡಬೇಕು

ಕಲಬುರಗಿಯಲ್ಲಿ ನಾನು ಟಿವಿ, ರೇಡಿಯೊ ರಿಪೇರಿ ಮಾಡುತ್ತೇನೆ. ವಿಸಿಆರ್, ಅಂದರೆ ವಿಡಿಯೊ ಕ್ಯಾಸೆಟ್ ಹಾಕಿ ನೋಡುವ ಮಷಿನ್, ಬರುವುದು ಈಗ ಅಪರೂಪ. 2016ರಲ್ಲಿ ಕೊನೆಯದಾಗಿ ಉಳಿದಿದ್ದ ಜಪಾನಿನ ಫುನಾಯಿ ಕಂಪನಿಯೂ ಇದರ ತಯಾರಿಕೆ ನಿಲ್ಲಿಸಿತು. ಹೊಸ ಮಷಿನ್ ಸಿಗುವುದಿಲ್ಲ, ಆದರೆ ಮದುವೆ, ತೊಟ್ಟಿಲು ಕಾರ್ಯದ ಕ್ಯಾಸೆಟ್‌ಗಳು ಇನ್ನೂ ಮನೆಗಳಲ್ಲಿವೆ. ಇರುವ ಮಷಿನ್ ಉಳಿಸಿಕೊಳ್ಳಲೇಬೇಕು.

ಬೇಸಿಗೆಯಲ್ಲಿ ಅಫಜಲಪುರ ಕಡೆಯ ಕಾಕಾ ಒಬ್ಬರು ಬಂದರು. "ಕ್ಯಾಸೆಟ್ ಒಳಗ ತೊಗೊಳ್ತದ, ಮತ್ತ ಹೊರಗ ದಬ್ತದ ನೋಡ್ರಿ. ಮಗಳ ಮದ್ವಿದು ಅದ, ಹಾಳಾಗಬಾರ್ದು" ಅಂದರು. ಮದುವೆ ಕ್ಯಾಸೆಟ್ ಪಕ್ಕಕ್ಕಿಟ್ಟು, ಬೇಡದ ಒಂದು ಕ್ಯಾಸೆಟ್ ತೆಗೆದುಕೊಂಡೆ. ಪರೀಕ್ಷೆಗೆ ಯಾವತ್ತೂ ಬೇಡದ್ದನ್ನೇ ಹಾಕಬೇಕು.

ಮಷಿನ್ ಸುಮ್ನೆ ಕ್ಯಾಸೆಟ್ ಹೊರಗೆ ಹಾಕುವುದಿಲ್ಲ. ಟೇಪ್ ಹರಿಯಬಹುದು ಅನ್ನಿಸಿದಾಗ ಅದನ್ನು ಕಾಪಾಡಲು ವಾಪಸ್ ಕಳಿಸುತ್ತದೆ. ಹಾಗಾಗಿ ಎಷ್ಟು ದೂರ ಹೋಗಿ ಮರಳುತ್ತದೆ ಅನ್ನುವುದನ್ನು ಮೊದಲು ನೋಡುತ್ತೇನೆ.

ಮುಚ್ಚಳ ತೆಗೆದ ಮೇಲೆ ಬೆಳಕಿನ ಬಗ್ಗೆ ಎಚ್ಚರ ಬೇಕು. ಈ ಬಗೆಯ ಕ್ಯಾಸೆಟ್ಟಿನ (ವಿಎಚ್‌ಎಸ್) ಟೇಪಿನ ಎರಡೂ ತುದಿಯಲ್ಲಿ ಪಾರದರ್ಶಕ ತುಂಡು ಇರುತ್ತದೆ. ನಡುವಿನ ಕಂಬದಿಂದ ಬರುವ ಇನ್‌ಫ್ರಾರೆಡ್ ಬೆಳಕು ಅದರ ಮೂಲಕ ಹಾದು ಪಕ್ಕದ ಸೆನ್ಸರ್‌ಗೆ ತಾಗಿದರೆ, ಟೇಪ್ ಮುಗಿಯಿತು ಎಂದು ಮಷಿನ್ ತಿಳಿಯುತ್ತದೆ. ನಮ್ಮ ಊರಿನ ಬಿಸಿಲು ಕಿಟಕಿಯಿಂದ ಬಿದ್ದರೂ ಅದೇ ಕಥೆ. ಸರಿಯಿರುವ ಮಷಿನ್ನೂ ಕೆಟ್ಟಂತೆ ಆಡುತ್ತದೆ. ನಾನು ಕಿಟಕಿ ಮುಚ್ಚಿ, ಎರಡೂ ಬದಿಯ ಸೆನ್ಸರ್ ಮೇಲೆ ಕಪ್ಪು ರಟ್ಟು ಅಡ್ಡ ಇಟ್ಟು ನೋಡಿದೆ. ಆದರೂ ಕ್ಯಾಸೆಟ್ ಹೊರಗೆ ಬಂತು. ಅಂದರೆ ದೋಷ ಒಳಗೇ ಇತ್ತು.

ಟೇಪ್ ಎಳೆದುಕೊಂಡು, ಚಿತ್ರ ಓದುವ ಹೆಡ್ ಇರುವ ಡ್ರಮ್ಮಿಗೆ ಸುತ್ತುತ್ತಿತ್ತು. ಡ್ರಮ್ ತಿರುಗುತ್ತಿತ್ತು. ಆದರೆ ಬಲಗಡೆಯ ರೀಲ್ ಅಲ್ಲಾಡುತ್ತಿರಲಿಲ್ಲ. ರೀಲ್ ತಿರುಗಿದರೆ ಅದರ ಕೆಳಗಿನ ಸೆನ್ಸರ್ ಪಲ್ಸ್ ಕಳಿಸಬೇಕು. ಪಲ್ಸ್ ಬರದಿದ್ದರೆ ಟೇಪ್ ಒಳಗೆ ರಾಶಿ ಬೀಳುತ್ತದೆ ಎಂದು ಮಷಿನ್ ನಿಲ್ಲಿಸಿಬಿಡುತ್ತದೆ. ರೀಲನ್ನು ತಿರುಗಿಸುವ ಐಡ್ಲರ್ ಗಾಲಿಯ ರಬ್ಬರ್ ನೋಡಿದರೆ ಗಟ್ಟಿಯಾಗಿ ಮಿರಮಿರ ಮಿಂಚುತ್ತಿತ್ತು, ಹಿಡಿತವೇ ಇರಲಿಲ್ಲ. ಸಣ್ಣ ಉಪ್ಪುಕಾಗದದಿಂದ ಉಜ್ಜಿದರೆ ಸ್ವಲ್ಪ ದಿನ ನಡೆಯುತ್ತದೆ. ನಾನು ಹಳೆ ಸ್ಕ್ರ್ಯಾಪ್ ಮಷಿನ್ನಿಂದ ಅದೇ ಅಳತೆಯ ಮೆತ್ತಗಿನ ರಬ್ಬರ್ ತೆಗೆದು ಹಾಕಿದೆ. ರೀಲ್ ತಿರುಗಿತು, ಚಿತ್ರ ಬಂತು.

ಆದರೆ ಆಗಾಗ ಅರ್ಧ ದಾರಿಯಲ್ಲೇ ಮರಳುವುದು ನಿಲ್ಲಲಿಲ್ಲ. ಒಮ್ಮೆ ಆಗಿ, ಒಮ್ಮೆ ಆಗದೆ ಇರುವ ದೋಷಕ್ಕೆ ನಾನು ಮೊದಲು ನೋಡುವುದು ಮೋಡ್ ಸ್ವಿಚ್. ಮೆಕ್ಯಾನಿಸಂ ಈಗ ಯಾವ ಜಾಗದಲ್ಲಿದೆ ಎಂದು ಪ್ರೊಸೆಸರ್‌ಗೆ ಹೇಳುವುದು ಅದೇ. ಬಿಚ್ಚುವ ಮೊದಲು ಗೇರಿನ ಹಲ್ಲಿಗೂ ಸ್ವಿಚ್ಚಿಗೂ ಮಾರ್ಕರ್ ಗುರುತು ಹಾಕಿದೆ. ಒಂದು ಹಲ್ಲು ಆಚೀಚೆಯಾದರೂ ಟೈಮಿಂಗ್ ಕೆಡುತ್ತದೆ. ಒಳಗೆ ಹಿತ್ತಾಳೆ ಪಟ್ಟಿಗಳು ಕಪ್ಪಾಗಿದ್ದವು, ಗ್ರೀಸ್ ಒಣಗಿದ ಪಾಕದ ಹಾಗೆ ಅಂಟಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಗಳು ಹೊಳೆಯುವವರೆಗೆ ಒರೆಸಿ, ಗುರುತಿಗೆ ಗುರುತು ಕೂಡಿಸಿ ಜೋಡಿಸಿದೆ. ಇದಕ್ಕೆಲ್ಲ ಪ್ಲಗ್ ಕಿತ್ತಿರಬೇಕು. ಪವರ್ ಸಪ್ಲೈ ಕಡೆ ಕೈ ಹಾಕಲೇಬೇಡಿ, ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಬೇಡದ ಕ್ಯಾಸೆಟ್ ಪೂರ್ತಿ ಓಡಿಸಿ, ಹಿಂದಕ್ಕೂ ಸುತ್ತಿಸಿ, ಆಮೇಲೆ ಮದುವೆ ಕ್ಯಾಸೆಟ್ ಕೈಗೆತ್ತಿಕೊಂಡೆ. ಹಾಕುವ ಮೊದಲು ಕ್ಯಾಸೆಟ್ಟಿನ ಕಿಟಕಿಯಂಥ ಜಾಗದಲ್ಲಿ ಟೇಪಿನ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಮಷಿನ್ನಿಗೆ ಹಾಕಬೇಡಿ, ಹೆಡ್ಡೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟೂ ಕೆಡುತ್ತದೆ. ಕಾಕಾನ ಟೇಪ್ ಸ್ವಚ್ಛವಾಗಿತ್ತು. ಅವತ್ತೇ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ.