ಘಟ್ಟದ ಕೆಳಗಿನಿಂದ ತಂದ ಚಳಿಜ್ವರ: ಹದಿನಾಲ್ಕು ದಿನದ ಮಾತ್ರೆ ಮುಗಿಸುವುದು ಹೇಗೆ?

ಕೊಡಗಿನ ಮಳೆಗಾಲದಲ್ಲಿ ಚಳಿಯಾದರೆ ಯಾರೂ ಕಾರಣ ಹುಡುಕುವುದಿಲ್ಲ. ಕಾಳುಮೆಣಸಿನ ಕಷಾಯ ಕುಡಿದು ಕಂಬಳಿ ಹೊದ್ದುಕೊಳ್ಳುತ್ತಾರೆ. ನನ್ನ ಭಾವನೂ ಅದನ್ನೇ ಮಾಡಿದರು. ಮಂಗಳೂರಿನಲ್ಲಿ ಮಗಳು ಕಟ್ಟಿಸುತ್ತಿದ್ದ ಮನೆಯ ಕೆಲಸ ನೋಡಿಕೊಂಡು ಬಂದವರಿಗೆ ಮಧ್ಯಾಹ್ನ ಹಲ್ಲು ಕಟಕಟಿಸುವ ಚಳಿ, ಹಿಂದೆಯೇ ಸುಡುವ ಜ್ವರ, ಸಂಜೆಗೆ ಬನಿಯನ್ ಹಿಂಡುವಷ್ಟು ಬೆವರು. ಮರುದಿನ ಏನೂ ಆಗದವರಂತೆ ತೋಟಕ್ಕೆ ಹೊರಟರು. ಅದರ ಮರುದಿನ ಮತ್ತೆ ಚಳಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ಗೊತ್ತಾಗಿ ಔಷಧ ಶುರುವಾಯಿತು. ಮೂರೇ ದಿನದಲ್ಲಿ ಜ್ವರ ಬಿಟ್ಟಿತು, ಉಳಿದ ಮಾತ್ರೆಗಳು ಕಪಾಟು ಸೇರಿದವು. ಡಿಸೆಂಬರ್‌ನಲ್ಲಿ, ಕಾಫಿ ಕೊಯ್ಲಿನ ನಡುವೆ, ಜ್ವರ ಮರಳಿ ಬಂತು. ಬಂಧುಗಳಲ್ಲೇ ಇಂಥ ಮೂವರನ್ನು ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ರಕ್ತವನ್ನು ಪರೀಕ್ಷೆಗೆ ಕೊಡಿ, ಮನೆಯಲ್ಲಿರುವ ಯಾವ ಮಾತ್ರೆಯನ್ನೂ ನುಂಗುವ ಮುಂಚೆ. ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಇಲ್ಲದಿದ್ದರೆ ಅವರ ಯೋಚನೆ ಡೆಂಗಿ, ಇಲಿಜ್ವರಗಳತ್ತ ಹೋಗುತ್ತದೆ. ಮಳೆಯಲ್ಲಿ ನೆನೆದದ್ದಕ್ಕೇ ಮಲೇರಿಯಾ ಬಂತು ಎನ್ನುವವರು ಇನ್ನೂ ಇದ್ದಾರೆ. ಅದು ಹರಡುವುದು ಸೊಳ್ಳೆಯಿಂದ. ರೊನಾಲ್ಡ್ ರಾಸ್ ಎಂಬ ವೈದ್ಯ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ತರುವ ಪರಾವಲಂಬಿಯನ್ನು ಕಂಡದ್ದು 1897ರಲ್ಲೇ.

ಎರಡನೆಯದು ಕ್ಲೋರೋಕ್ವಿನ್ ಮಾತ್ರೆ. ಮೂರು ದಿನ, ಕಹಿ, ಮುಗಿಯಿತು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ಕ್ಲೋರೋಕ್ವಿನ್ ಕೊಲ್ಲುವುದು ರಕ್ತದಲ್ಲಿರುವ ಪರಾವಲಂಬಿಯನ್ನು ಮಾತ್ರ. ವೈವಾಕ್ಸ್‌ನ ಒಂದಷ್ಟು ಮರಿಗಳು ಪಿತ್ತಜನಕಾಂಗದಲ್ಲಿ ನಿದ್ದೆ ಹೋಗಿರುತ್ತವೆ. ವಾರಗಳೋ ತಿಂಗಳುಗಳೋ ಕಳೆದು ಎದ್ದು ಮತ್ತೆ ರಕ್ತಕ್ಕಿಳಿಯುತ್ತವೆ. ಹೊಸ ಸೊಳ್ಳೆ ಕಚ್ಚಬೇಕಾಗಿಯೇ ಇಲ್ಲ. ಅವನ್ನು ನಿದ್ದೆಯಲ್ಲೇ ಕೊಲ್ಲುವ ಮಾತ್ರೆ ಪ್ರೈಮಾಕ್ವಿನ್. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ 14 ದಿನ. ಸಾಮಾನ್ಯ ತೂಕದ ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಬರೆಯುವುದುಂಟು. ಆದರೆ ನಿಮ್ಮ ಚೀಟಿಯಲ್ಲಿ ಇರುವುದೇ ನಿಮ್ಮ ಲೆಕ್ಕ, ಪಕ್ಕದ ಮನೆಯವರದ್ದಲ್ಲ.

ಶುರು ಮಾಡುವ ಮುನ್ನ ಜಿ-6-ಪಿಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಈ ಕಿಣ್ವದ ಕೊರತೆ ಹುಟ್ಟಿನಿಂದ ಬಂದದ್ದು. ಇದ್ದವರಲ್ಲಿ ಹಲವರಿಗೆ ಗೊತ್ತೇ ಇರುವುದಿಲ್ಲ. ಅಂಥವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಗರ್ಭಿಣಿಯರಿಗೂ ಇದನ್ನು ಕೊಡುವುದಿಲ್ಲ. ಮೂತ್ರ ಹಾಲಿಲ್ಲದ ಬೆಲ್ಲದ ಕಾಫಿಯಂತೆ ಕಪ್ಪಾದರೆ, ಕಣ್ಣು ಹಳದಿಯಾದರೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟಿತು ಎಂಬುದು ಮಾತ್ರೆ ನಿಲ್ಲಿಸಲು ಕಾರಣವೇ ಅಲ್ಲ.

ಇಲ್ಲೊಂದು ನಮ್ಮೂರಿನದೇ ತೊಡಕಿದೆ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡರೆ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು. ಕೋರ್ಸ್ ನಡೆಯುವಾಗ ಆ ಹಬ್ಬ ಬಂದರೆ ಅಪಾಯದ ಬಣ್ಣ ಯಾವುದು, ಪಾಯಸದ ಬಣ್ಣ ಯಾವುದು ಎಂದು ಹೇಗೆ ತಿಳಿಯುತ್ತೀರಿ? ಆ ವರ್ಷ ಪಾಯಸ ಬಿಡಿ. ಅತ್ತೆಯವರು ಮುನಿಸಿಕೊಂಡರೆ ಈ ಪುಟ ತೋರಿಸಿ.

ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬಾರದು, ಹೊಟ್ಟೆ ಹಿಂಡುತ್ತದೆ. ಬೆಳಗಿನ ತಿಂಡಿಯ ಜೊತೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ತೋಟದ ಮನೆಯಲ್ಲಿ ಬೆಳಗಿನ ಹೊತ್ತು ಯಾವುದೂ ನೆನಪಿರುವುದಿಲ್ಲ. ರಾತ್ರಿ ಅಕ್ಕಿ ರೊಟ್ಟಿ ತಿಂದು ಕೈ ತೊಳೆದ ಕೂಡಲೇ ನುಂಗಿ. ಆಳುಗಳ ಲೆಕ್ಕ ಬರೆಯುವ ಕ್ಯಾಲೆಂಡರ್ ಜಗಲಿಯ ಮೊಳೆಯಲ್ಲಿ ತೂಗುತ್ತಿರುತ್ತದಲ್ಲ, ಅದರಲ್ಲಿ ಹದಿನಾಲ್ಕು ಚೌಕಕ್ಕೂ ಮೊದಲೇ ಕೆಂಪು ಪೆನ್ನಿನಿಂದ ಸೊನ್ನೆ ಹಾಕಿ, ನುಂಗಿದ ಮೇಲೆ ಗೀಟು ಎಳೆಯಿರಿ. ಭಾವನ ಎರಡನೆಯ ಕೋರ್ಸ್‌ನಲ್ಲಿ ‘ಆರು ಹೆಣ್ಣಾಳು, ಎರಡು ಗಂಡಾಳು’ ಎಂಬ ಬರಹದ ಮೇಲೆಯೇ ಗೀಟು ಬಿದ್ದು, ಶನಿವಾರದ ಬಟವಾಡೆಯಲ್ಲಿ ಜಗಳವಾಯಿತು. ಆದರೆ ಒಂದು ಮಾತ್ರೆಯೂ ತಪ್ಪಲಿಲ್ಲ. ನಿಮಗೆ ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ, ವೈದ್ಯರನ್ನು ಕೇಳಿ.

ಅಡ್ಡದಾರಿ ಹೇಳುವವರು ಬರುತ್ತಾರೆ. ಪಪ್ಪಾಯಿ ಎಲೆಯ ರಸ, ಲಿವರ್ ಟಾನಿಕ್, ಮೆಣಸು ಹಾಕಿದ ಬ್ರಾಂದಿ. ಇವು ಯಾವುವೂ ಪಿತ್ತಜನಕಾಂಗದಲ್ಲಿ ಮಲಗಿರುವುದನ್ನು ಮುಟ್ಟುವುದಿಲ್ಲ. ಬ್ರಾಂದಿಯನ್ನು ಹದಿನಾಲ್ಕು ದಿನ ಬೀರುವಿನಲ್ಲೇ ಇಡಿ.

ಜ್ವರ ಇರುವಷ್ಟು ದಿನ ಸೊಳ್ಳೆಪರದೆಯೊಳಗೇ ಮಲಗಿ. ನಿಮ್ಮನ್ನು ಕಚ್ಚಿದ ಅನಾಫಿಲಿಸ್ ಸೊಳ್ಳೆ ಮನೆಯ ಇನ್ನೊಬ್ಬರಿಗೆ ರೋಗ ದಾಟಿಸಬಲ್ಲದು. ಕಿವಿಗೆ ಕೇಳದ ಶಬ್ದದಿಂದ ಸೊಳ್ಳೆ ಓಡಿಸುತ್ತೇವೆ ಎಂದು ಮಾರುವ ಪ್ಲಗ್ ಯಂತ್ರಕ್ಕೆ ಹಣ ಸುರಿಯಬೇಡಿ. ನಮ್ಮ ಮನೆಗೂ ಒಂದು ಬಂದಿತ್ತು. ಸೊಳ್ಳೆ ಅದರ ಮೇಲೆಯೇ ಕುಳಿತಿತ್ತು. ಇನ್ನು ಮಂಗಳೂರಿನ ಆ ಕಟ್ಟಡದಲ್ಲಿ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕ್ ಇದ್ದರೆ ಮಗಳಿಗೆ ಫೋನ್ ಮಾಡಿ. ಅಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬೆಳೆಯುವುದು ಇಂಥ ತಿಳಿನೀರಿನಲ್ಲೇ.

ಮಾತ್ರೆ ಮುಗಿದ ಮೇಲೆ ವೈದ್ಯರು ಹೇಳಿದ ದಿನ ಮತ್ತೆ ರಕ್ತಲೇಪನ ಪರೀಕ್ಷೆ, ಅಂದರೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಮಾಡಿಸಿ. ಒಂದು ಹನಿ ರಕ್ತದಿಂದ ನಿಮಿಷಗಳಲ್ಲಿ ಫಲ ಹೇಳುವ ಕಾರ್ಡ್ ಪರೀಕ್ಷೆ ಸಾಲದು. ರೋಗ ವಾಸಿಯಾದ ಮೇಲೂ ಅದು ಕೆಲವು ದಿನ ಪಾಸಿಟಿವ್ ತೋರಿಸುವುದುಂಟು. ರಕ್ತದಾನ ಮಾಡುವವರು ಪೂರ್ತಿ ಗುಣವಾಗಿ ಮೂರು ತಿಂಗಳು ಕಳೆಯುವವರೆಗೆ ಕಾಯಬೇಕು, ಆಮೇಲೂ ಶಿಬಿರದಲ್ಲಿ ಮಲೇರಿಯಾ ಬಂದಿತ್ತೆಂದು ಹೇಳಬೇಕು. ಹಳೆಯ ವರದಿಯನ್ನು ಎಸೆಯಬೇಡಿ. ಒಂದು ವರ್ಷದೊಳಗೆ ಯಾವ ಜ್ವರ ಬಂದರೂ, ಅದು ನೆಗಡಿಯದ್ದೇ ಎಂದು ನಿಮಗೆ ಖಾತ್ರಿಯಿದ್ದರೂ, ಆ ಹಾಳೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.